ಹನ್ನೊಂದನೆಯ ಸಾಲು

ಮಗಳು ಏಳುವ ದಿನ ನೀಲಾಂಬಿಕಾ ಸಜ್ಜಕ ಮಾಡುತ್ತಿದ್ದಳು. ದಾಕ್ಷಿ ಎಚ್ಚರವಿರುತ್ತಿದ್ದದ್ದು ವರ್ಷಕ್ಕೆ ಒಂದು ದಿನ, ಆ ದಿನದಲ್ಲೂ ಒಂದು ಗಂಟೆ. ಆಗ ಏನನ್ನೂ ತಿನ್ನಿಸಲು ಡಾಕ್ಟರರ ಅಪ್ಪಣೆ ಇರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಹುಡುಗಿ ಕಣ್ಣು ಮುಚ್ಚಿ ವಾಸನೆ ಎಳೆದುಕೊಳ್ಳುತ್ತಿದ್ದಳು. "ಯಾಲಕ್ಕಿ ಜಾಸ್ತಿ ಆಗೇತಿ" ಎಂದು ತಪ್ಪನ್ನೂ ಹುಡುಕುತ್ತಿದ್ದಳು. ಹತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

"ಅವ್ವ, ಈ ಸಲ ಅಕಿ ನನ್ನನ್ನ ಅಕ್ಕ ಅಂತ ಕರದ್ರ ನಾ ಏನ ಮಾಡ್ಲಿ?" ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದ ಕಸ್ತೂರಿ ಕೇಳಿದಳು. ದಾಕ್ಷಿಗಿಂತ ಎರಡು ವರ್ಷಕ್ಕೆ ಸಣ್ಣವಳಾಗಿ ಹುಟ್ಟಿದ ಅವಳಿಗೆ ಈಗ ಹದಿನಾರು. ದಾಕ್ಷಿ ಇನ್ನೂ ಎಂಟರಲ್ಲೇ ಇದ್ದಳು.

"ಕರಸ್ಕೋ. ಇಷ್ಟು ವರ್ಷ ನೀ ಕರದಿ. ಈಗ ಅಕಿ ಪಾಳಿ" ಎಂದ ಸಂಗನಬಸಪ್ಪ, ಹೆಂಡತಿಯ ಕೈಯಿಂದ ಬಿಸಿ ಡಬ್ಬಿ ಇಸಿದುಕೊಳ್ಳುತ್ತ. ಬಸ್ ಡಿಪೊದಲ್ಲಿ ಇಂಜಿನ್ ಬಿಚ್ಚಿ ಜೋಡಿಸುವ ಕೆಲಸ ಅವನದು. ಈ ಒಂದು ದಿನ ಮಾತ್ರ ಉಗುರಿನ ಸಂದಿಯ ಗ್ರೀಸನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ.

ಎಂಟು ವರ್ಷದ ಹುಡುಗಿಗೆ ನರ ಒಣಗುವ ರೋಗ ಬಂದಾಗ ವೈದ್ಯರು ಹೆಚ್ಚೆಂದರೆ ಎರಡು ವರ್ಷ ಎಂದಿದ್ದರು. ಔಷಧದ ದಾರಿ ಗೊತ್ತಾಗಿತ್ತು. ಆ ದಾರಿ ಮುಗಿಯಲು ಮಾತ್ರ ಇಪ್ಪತ್ತು ವರ್ಷ ಬೇಕಿತ್ತು. ಎರಡು ವರ್ಷವನ್ನು ಇಪ್ಪತ್ತಕ್ಕೆ ಎಳೆಯುವುದು ಹೇಗೆ? ಕಪ್ಪತಗುಡ್ಡದ ಬುಡದಲ್ಲಿ, ಮುಚ್ಚಿಹೋದ ಚಿನ್ನದ ಗಣಿಯೊಂದರ ತಳದಲ್ಲಿ, ಆಕಾಶದಿಂದ ಉದುರುವ ಸೂಕ್ಷ್ಮ ಕಣಗಳೂ ತಲುಪದ ಆಳದಲ್ಲಿ, ಅದಕ್ಕೊಂದು ಉಪಾಯ ಸಿದ್ಧವಾಗಿತ್ತು. ಶಿಲಾನಿದ್ರೆ ಎಂದು ಅದನ್ನು ಕರೆದರು. ಅಲ್ಲಿ ಮಲಗಿದವರಿಗೆ ಕಾಲ ಹರಿಯುವುದಿಲ್ಲ, ಜಿಗಿಯುತ್ತದೆ. ಯಂತ್ರಕ್ಕೆ ಒಂದು ಯಾದಿ ಕೊಡಬೇಕು: ಇಂಥಿಂಥ ಕ್ಷಣಗಳಲ್ಲಿ ಇವರು ಇರಲಿ. ಯಾದಿಯ ಒಂದು ಕ್ಷಣಕ್ಕೂ ಮುಂದಿನ ಕ್ಷಣಕ್ಕೂ ನಡುವೆ ಇರುವ ವರ್ಷವನ್ನು ಯಂತ್ರ ಮಡಚಿ ಬದಿಗಿಡುತ್ತದೆ. ಮಲಗಿದವರಿಗೆ ಅದು ರೆಪ್ಪೆ ಮುಚ್ಚಿ ತೆರೆದಷ್ಟು.

ಆ ಯಾದಿಯನ್ನು ತುಂಬುವ ಪ್ರೋಗ್ರಾಂ ಬರೆದವಳು ನೀಲಾಂಬಿಕಾ. ಗದಗಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು, ಮಗಳ ಹೆಸರು ಇಲ್ಲಿ ಬರೆಸಿದ ಕೂಡಲೇ ತಾನೂ ಇಲ್ಲೇ ಕೆಲಸಕ್ಕೆ ಸೇರಿದ್ದಳು.

*

ಗಣಿಯ ತೊಟ್ಟಿಲಿನಂಥ ಲಿಫ್ಟು ನಾಲ್ಕುನೂರು ಮೀಟರ್ ಇಳಿಯುವಷ್ಟು ಹೊತ್ತೂ ಕಸ್ತೂರಿ ಕಿವಿ ಮುಚ್ಚಿಕೊಂಡಿದ್ದಳು. ಕೆಳಗೆ ಮೊದಲು ನಿಯಂತ್ರಣ ಕೋಣೆ, ಅದರ ಆಚೆ ದಪ್ಪ ಗಾಜಿನ ಗೋಡೆ, ಗಾಜಿನ ಆಚೆ ಸುರಂಗ. ಸುರಂಗದಲ್ಲಿ ಎರಡು ಸಾಲಾಗಿ ನಲವತ್ತೊಂದು ಹಾಸಿಗೆ. ಪ್ರತಿಯೊಂದಕ್ಕೂ ಒಂದೊಂದು ಮುಚ್ಚಳ.

ಹಿಂದಿನ ದಿನ ಮಧ್ಯಾಹ್ನ ಇಲ್ಲಿ ಒಂದು ಸಣ್ಣ ಸಮಾರಂಭ ನಡೆದಿತ್ತು. ಎಲ್ಲರೂ ಮಲಗಿ ಹತ್ತು ವರ್ಷ ತುಂಬಿ, ಯಂತ್ರ ಮೊದಲ ದಶಕದ ಯಾದಿಯಿಂದ ಎರಡನೆಯ ದಶಕದ ಯಾದಿಗೆ ದಾಟುವ ಕ್ಷಣ. ಸಿಬ್ಬಂದಿಯೆಲ್ಲ ಗಾಜಿನ ಈಚೆ ನಿಂತು ನೋಡಿದರು, ಪೇಢೆ ಹಂಚಿದರು. ದಾಟಿದ ಆ ಕ್ಷಣದಲ್ಲೇ ಒಂಬತ್ತನೇ ಹಾಸಿಗೆಯಲ್ಲಿ ಗಂಟೆ ಬಾರಿಸಿತು. ನಿಂಬೆವ್ವ ಎಂಬ ಮುದುಕಿಯ ಹೃದಯ ನಿಂತುಹೋಗಿತ್ತು. ಆ ಸುದ್ದಿಗೆ ಪೇಢೆ ತಿನ್ನುತ್ತಿದ್ದವರ ಕೈ ಹಾಗೇ ನಿಂತವು.

ಮುಚ್ಚಳ ತೆರೆಯುವುದು ಸರದಿಯ ಮೇಲೆ. ನಿನ್ನೆ ಇಬ್ಬರು ಎದ್ದಿದ್ದರು. ಇವತ್ತು ಬೆಳಿಗ್ಗೆ ದಾಕ್ಷಿ. ಮುಚ್ಚಳ ಸರಿದಾಗ ಸಂಗನಬಸಪ್ಪ ಎಂದಿನಂತೆ ಮಗಳ ಪಾದ ಹಿಡಿದುಕೊಂಡ. ನರ್ಸ್ ಮೆಹಬೂಬಿ ಎಂದಿನ ಪ್ರಶ್ನೆ ಕೇಳಿದಳು.

"ಹೆಸರೇನವಾ?"

"ದಾಕ್ಷಾಯಿಣಿ ಸಂಗನಬಸಪ್ಪ ಹೊಂಬಳ."

"ಎಷ್ಟನೇ ಸಲ ಏಳಾಕತ್ತೀ?"

"ಹನ್ನೆರಡು."

ಮೆಹಬೂಬಿ ಹನ್ನೊಂದು ಎಂದು ಬರೆದುಕೊಂಡಳು. "ನಿನ್ನೆ ಎದ್ದವರೂ ಒಂದು ಹೆಚ್ಚಿಗೇನ ಹೇಳಿದ್ರು, ಮೇಡಂ. ನಮ್ಮ ಮಂದಿ ಎಣಿಕಿ ಗೊತ್ತಲ್ರಿ, ಮಲಗೂ ಮೊದಲಿನ ಎಚ್ಚರಾನೂ ಹಿಡಿತಾರ. ನಾ ಒಂದು ಕಳದು ಬರದೇನಿ."

ನೀಲಾಂಬಿಕಾ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳು ಮಗಳ ಬಾಯಿ ನೋಡುತ್ತಿದ್ದಳು.

ದಾಕ್ಷಿಯ ಮುಂದಿನ ಹಲ್ಲೊಂದು ಹತ್ತು ವರ್ಷದಿಂದ ಅಲುಗಾಡುತ್ತಿತ್ತು. ಮಲಗಿಸುವಾಗಲೇ ಸಡಿಲಾಗಿದ್ದ ಹಾಲುಹಲ್ಲು ಅದು. ವರ್ಷಕ್ಕೊಂದು ಗಂಟೆಯ ಬದುಕಿನಲ್ಲಿ ಬೀಳಲು ಅದಕ್ಕೆ ಪುರುಸೊತ್ತಾಗಿರಲಿಲ್ಲ. ಪ್ರತಿ ಸಲ ಎದ್ದಾಗ ನಾಲಿಗೆಯಿಂದ ಅದನ್ನು ಅಲುಗಿಸಿ ತೋರಿಸುತ್ತಿದ್ದಳು, ಮನೆಯವರೆಲ್ಲ ನಗುತ್ತಿದ್ದರು. ಈಗ ಆ ಜಾಗದಲ್ಲಿ ಬೇರೊಂದು ಹಲ್ಲಿತ್ತು. ಅಂಚು ಗರಗಸದಂತಿದ್ದ, ಅಗಲವಾದ, ಹೊಸ ಹಲ್ಲು. ಪೂರ್ತಿ ಬೆಳೆದಿತ್ತು.

"ಹಲ್ಲೆಲ್ಲಿ ಹೋತವಾ?"

"ಬಿತ್ತು."

"ಯಾವಾಗ?"

"ಆ ದೊಡ್ಡ ಸಲ ಎದ್ದಿದ್ವಲ್ಲಾ, ಆವಾಗ." ದಾಕ್ಷಿ ಏಳಲು ಹೋದಳು. ಮೊಣಕೈ ಊರಿದ ತೋಳು ಕುಸಿಯಿತು. ಹೋದ ಸಲ ತಾನೇ ಎದ್ದು ಕೂತು ತಂಗಿಯ ಜಡೆ ಎಳೆದಿದ್ದ ಹುಡುಗಿ. ಸಂಗನಬಸಪ್ಪ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದ. ಫ್ರಾಕಿನ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲಿತ್ತು.

"ಅವ್ವ, ಫ್ರಾಕು ಕುಗ್ಗೇತಿ" ಎಂದಳು ಕಸ್ತೂರಿ. ಅವಳ ದನಿ ಸಣ್ಣಗಾಗಿತ್ತು.

"ಕುಗ್ಗಿಲ್ಲ. ನಾ ಎತ್ರಾಗೇನಿ. ನಿಂಬೆವ್ವಜ್ಜಿ ಗ್ವಾಡಿಗೆ ನಿಲ್ಲಿಸಿ ಗೀಟು ಹಾಕ್ತಿದ್ಲು. ಅಕಿ ಸತ್ತಮ್ಯಾಲ ಯಾರೂ ಹಾಕಲಿಲ್ಲ."

ನೀಲಾಂಬಿಕಾ ಮಗಳ ಹತ್ತಿರಕ್ಕೆ ಬಗ್ಗಿದಳು. ನಿಂಬೆವ್ವ ಸತ್ತದ್ದು ನಿನ್ನೆ. ಮಲಗಿದವರಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡಿದ್ದೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಸರದಿಯಲ್ಲಿ ಒಂಟಿಯಾಗಿ ಏಳುವವರು.

"ಯಾವಾಗ ಸತ್ಲು ಅಜ್ಜಿ?"

"ಭಾಳ ದಿನಾತು. ಎಲ್ಲಾರೂ ಕೂಡಿ ಅಕಿ ಹಾಸಿಗ್ಯಾಗ ಮಲಗಿಸಿ, ಮುಚ್ಚಳಾ ಹಾಕಿದ್ವಿ. ಮಣ್ಣು ಮಾಡಾಕ ಬಾಗಲಾ ತೆರೀಲಿಲ್ಲ."

ಮೆಹಬೂಬಿಯ ಪೆನ್ನು ನಿಂತಿತು. "ಮೇಡಂ," ಎಂದಳು ಮೆತ್ತಗೆ, "ನಿನ್ನೆ ನಿಂಬೆವ್ವನ ಮುಚ್ಚಳಾ ತೆಗದಾಗ ನಾನೂ ಇದ್ದೆ. ಸತ್ತು ಆರು ತಿಂಗಳಾದ ಹೆಣ ಇದ್ದಂಗ ಇತ್ರಿ, ಒಣಗಿ. ಯಂತ್ರದ ಝಳಕ್ಕ ಹಂಗಾಗೇತಿ ಅಂತ ಡಾಕ್ಟರ ಬರದ್ರು. ನಿನ್ನೆ ಎದ್ದವರೂ ಇಂಥಾದ್ದ ಬಡಬಡಿಸಿದ್ರು, ನಿದ್ದಿ ಮಂಪರು ಅಂತ ಬಿಟ್ವಿ."

"ಕನಸು ಕಂಡಿರಬೇಕು ಕೂಸು" ಎಂದ ಸಂಗನಬಸಪ್ಪ. ಯಾರಿಗೆ ಹೇಳಿದನೋ ಗೊತ್ತಿಲ್ಲ.

"ಕನಸಲ್ಲ, ಅಪ್ಪ. ಇವರೆಲ್ಲಾ ಗಾಜಿನ ಆಕಡೆ ನಿಂತಿದ್ರು. ನಿಂತೇ ಇದ್ರು. ಅಲುಗಾಡಲಿಲ್ಲ. ಡಾಕ್ಟರ ಕೈಯಾಗ ಪೇಢಾ ಇತ್ತು, ಅದು ಬಾಯಿಗೆ ಹೋಗಲೇ ಇಲ್ಲ. ಮೆಹಬೂಬಿ ಆಂಟಿ ಸೀನಾಕಂತ ಬಾಯಿ ತೆರದಿದ್ರು. ನಾವು ಮೊದಮೊದಲು ಭಾಳ ನಕ್ವಿ. ಈಗ ಸೀನ್ತಾರ, ಈಗ ಸೀನ್ತಾರ ಅಂತ. ಸೀನಲೇ ಇಲ್ಲ."

ನಿನ್ನೆ ಯಂತ್ರ ದಾಟುವ ಹೊತ್ತಿಗೆ ಮೆಹಬೂಬಿ ಸೀನಿದ್ದು ನಿಜ. ಡಾಕ್ಟರ್ ಗಲಗಲಿ "ಒಳ್ಳೇ ಶಕುನ ಕೊಟ್ಟಿ ನೋಡು" ಎಂದು ಬೈದಿದ್ದೂ ನಿಜ. ಗಾಜಿನ ಒಳಗೆ ಕಲ್ಲಿನಂತೆ ಮಲಗಿದ್ದ ಹುಡುಗಿಗೆ ಅದನ್ನು ಹೇಳಿದವರು ಯಾರೂ ಇರಲಿಲ್ಲ.

"ನಾನೂ ಇದ್ನೇನವಾ ಅಲ್ಲಿ?" ನೀಲಾಂಬಿಕಾ ಕೇಳಿದಳು.

"ಇದ್ದಿ. ದಿನಾ ನಿನ್ನ ಮುಂದ ಬಂದು ಕೂಡ್ತಿದ್ದೆ. ಎಷ್ಟ ಮಾತಾಡಿದ್ರೂ ನೀ ಹೂಂ ಅನ್ನಲಿಲ್ಲ. ಆಮ್ಯಾಲ ಗೊತ್ತಾತು, ನೀ ಅಲ್ಲಿಲ್ಲಂತ." ಹುಡುಗಿ ಸಜ್ಜಕದ ಡಬ್ಬಿಯ ಕಡೆ ನೋಡಿದಳು, ಆದರೆ ಕೇಳಲಿಲ್ಲ. "ಆಮ್ಯಾಲ ಗಂಟಿ ಬಾರಿಸ್ತು. ಎಲ್ಲಾರೂ ಹೋಗಿ ಮಲಗಿದ್ವಿ."

*

ಹತ್ತು ವರ್ಷದ ಹಿಂದೆ, ಮಗಳನ್ನು ಮಲಗಿಸುವ ಮೊದಲಿನ ಒಂದು ಮಧ್ಯಾಹ್ನ. ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್, ತೊಡೆಯ ಮೇಲೆ ಜ್ವರ ಬಂದ ಕಸ್ತೂರಿ, ಒಲೆಯ ಮೇಲೆ ಬೇಳೆ. ಹಾಗಿದ್ದಾಗ ನೀಲಾಂಬಿಕಾ ಬರೆದದ್ದು ನಾಲ್ಕೇ ಸಾಲು. ದಶಕವೆಂದರೆ ಒಂದು. ವರ್ಷವೆಂದರೆ ಹತ್ತರಲ್ಲೊಂದು ಪಾಲು. ಸೊನ್ನೆಯಿಂದ ಶುರು ಮಾಡು, ಹತ್ತರಲ್ಲೊಂದು ಪಾಲನ್ನು ಕೂಡುತ್ತ ಹೋಗು, ಮೊತ್ತ ಒಂದಕ್ಕಿಂತ ಕಡಿಮೆ ಇರುವತನಕ ಯಾದಿಗೆ ಸೇರಿಸು. ಮಲಗಿಸಿದ ದಿನದ ಪರೀಕ್ಷೆಯ ಎಚ್ಚರವೂ ಸೇರಿ ದಶಕಕ್ಕೆ ಹತ್ತು ಬಿಂದು, ಎಲ್ಲದರ ನಡುವೆ ಸಮ ಅಂತರ. ಎರಡನೆಯ ದಶಕಕ್ಕೆ ಮತ್ತೆ ಅದೇ.

ಪರೀಕ್ಷೆ ಮಾಡದೆ ಕೊಟ್ಟಿರಲಿಲ್ಲ ಅವಳು. ಹತ್ತರ ಪಾಲಿನ ಬದಲು ಕಾಲು ಹಾಕಿ ನೋಡಿದ್ದಳು. ಸೊನ್ನೆ, ಕಾಲು, ಅರೆ, ಮುಕ್ಕಾಲು. ನಾಲ್ಕು ಬಿಂದು. ಸರಿಯಾಗಿತ್ತು. ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕೂರಿಸಿಕೊಂಡು ಅಪ್ಪ ಬಾಯಿಪಾಠ ಮಾಡಿಸಿದ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಅವಳ ನಾಲಿಗೆಯ ಮೇಲೇ ಇರುತ್ತಿತ್ತು. ಯಾವ ಲೆಕ್ಕವನ್ನಾದರೂ ಅವಳು ಮೊದಲು ಕಾಲಿನಲ್ಲಿ ಹಾಕಿ ನೋಡುವವಳು.

ಕಂಪ್ಯೂಟರಿಗೂ ಕಾಲು, ಅರೆ ಸಲೀಸು. ಎರಡರಿಂದ ಭಾಗಿಸುತ್ತ ಹೋದರೆ ಸಿಗುವ ಸಂಖ್ಯೆಗಳು ಅದರ ಒಳಗೆ ಚೊಕ್ಕವಾಗಿ ಕೂರುತ್ತವೆ. ಹತ್ತರಲ್ಲೊಂದು ಪಾಲು ಹಾಗೆ ಕೂರುವುದಿಲ್ಲ. ಎಲ್ಲೋ ಒಂದು ಕೂದಲೆಳೆ ವ್ಯತ್ಯಾಸ ಉಳಿಯುತ್ತದೆ. ಮಕ್ಕಳಿಗೆ ಇದೇ ಪಾಠವನ್ನು ಏಳು ವರ್ಷ ಕಲಿಸಿದ್ದವಳು ಅವಳು.

ಈಗ ನಿಯಂತ್ರಣ ಕೋಣೆಯಲ್ಲಿ ನಿಂತು ಮಗಳ ಹಾಸಿಗೆಯ ಯಾದಿಯನ್ನು ತೆರೆದಳು. ಅಚ್ಚು ಹಾಕುವಾಗ ಎರಡೇ ದಶಾಂಶ ಕಾಣುವಂತೆ ಇಟ್ಟಿದ್ದರು. ಮೊದಲ ದಶಕದ ಕೊನೆಗೆ 1.00, ಎರಡನೆಯ ದಶಕದ ತಲೆಗೆ 1.00. ಒಂದರ ಕೊನೆ, ಇನ್ನೊಂದರ ಆರಂಭ, ಇರಲಿ ಎಂದು ಹತ್ತು ವರ್ಷ ಎಲ್ಲರೂ ಕಣ್ಣಾಡಿಸಿ ಬಿಟ್ಟಿದ್ದರು. ಅವಳು ಹದಿನಾರು ದಶಾಂಶ ತೋರಿಸಲು ಹೇಳಿದಳು.

0.9999999999999999.

ಹತ್ತು ಸಾಲಿರಬೇಕಾದ ಯಾದಿಯಲ್ಲಿ ಹನ್ನೊಂದನೆಯ ಸಾಲು. ಒಂದಕ್ಕಿಂತ ಕಡಿಮೆ ಇದ್ದದ್ದರಿಂದ ಒಳಗೆ ಬಂದು ಕೂತಿತ್ತು. ಅದಕ್ಕೂ ಅದರ ಮುಂದಿನ ಸಾಲಿಗೂ ನಡುವಿನ ಕಾಲವನ್ನು ಲೆಕ್ಕ ಹಾಕಿದಳು. ಸೆಕೆಂಡನ್ನು ಮೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು.

ಆ ಚೂರಿನಲ್ಲಿ ಏನು ನಡೆಯಿತೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಯಂತ್ರಕ್ಕೆ ಕಲಿಸಿದ್ದು ಒಂದೇ ಮಾತು: ಬಿಂದುವಿನಿಂದ ಬಿಂದುವಿಗೆ ಯಾವಾಗಲೂ ಒಂದು ವರ್ಷ. ಮಡಚಿಡಲು ಅಲ್ಲಿ ವರ್ಷವೇ ಇರಲಿಲ್ಲ. ಇಲ್ಲದ ವರ್ಷವನ್ನು ಅದು ಮಲಗಿದವರ ಮೈಯಿಂದ ತೆಗೆದುಕೊಂಡಿತು. ಸರದಿಯ ಪಟ್ಟಿಯಲ್ಲಿ ಈ ಸಾಲಿಗೆ ಯಾರ ಹೆಸರೂ ಇರಲಿಲ್ಲವಾದ್ದರಿಂದ ಎಲ್ಲ ಮುಚ್ಚಳಗಳೂ ಒಟ್ಟಿಗೆ ತೆರೆದುಕೊಂಡವು. ನಲವತ್ತೊಂದು ಜನ ಎದ್ದು, ನಿಂತುಹೋದ ಲೋಕವನ್ನು ಗಾಜಿನಲ್ಲಿ ನೋಡುತ್ತ, ನಳಿಗೆಯ ಗಂಜಿಯಲ್ಲಿ ಒಂದು ಇಡೀ ವರ್ಷ ಬದುಕಿದರು. ಈಚೆ ಒಂದು ಸೀನು ಮುಗಿದಿರಲಿಲ್ಲ.

ಡಾಕ್ಟರ್ ಗಲಗಲಿ ದಾಕ್ಷಿಯ ನರಗಳ ಅಳತೆ ಹಿಡಿದುಕೊಂಡು ಒಳಗೆ ಬಂದರು. ಪರದೆಯ ಮೇಲಿನ ಸಂಖ್ಯೆಯನ್ನು ನೋಡಿದರು, ಅವಳು ಹೇಳಿದ್ದನ್ನು ಕೇಳಿದರು. ಕಾಗದದ ಅಂಕಿಗಳ ಮೇಲೆ ಮತ್ತೆ ಬೆರಳಾಡಿಸಿದರು.

"ನೀವು ಹೇಳಿದ್ದು ಈ ಕಾಗದಕ್ಕ ಕೂಡತೈತಿ. ಒಂದು ವರ್ಷದ ಇಳಿತ ಐತಿ" ಎಂದರು ಕೊನೆಗೆ. "ಎರಡು ವರ್ಷದ ಆಯುಷ್ಯದಾಗ ಒಂದು ಹೋತು. ಉಳದದ್ದು ಒಂದಕ್ಕಿಂತ ಕಡಿಮಿ. ಇನ್ನೊಂದು ದಶಕದ ಕೊನಿಗೆ ಮತ್ತೊಂದು ಇಂಥಾ ವರ್ಷ ಬಂತಂದ್ರ…"

"ಬರೂದಿಲ್ಲ. ಅದನ್ನ ನಾ ತೆಗೀತೀನಿ."

"ಅಷ್ಟ ಸಾಲೂದಿಲ್ಲ ನೀಲಾಂಬಿಕಾ ಅವರ. ವರ್ಷಕ್ಕೊಮ್ಮೆ ಎಬ್ಬಿಸೂದನ್ನೂ ಇನ್ನ ಈ ಮೈ ತಡಿಯೂದಿಲ್ಲ. ಎಬ್ಬಿಸಿದಾಗೊಮ್ಮೆ ಎದಿಗೆ ಪೆಟ್ಟು ಬೀಳತೈತಿ. ಔಷಧ ಬರೂತನಕ ಮುಚ್ಚಳ ತೆಗೀಬಾರದು. ಹತ್ತು ವರ್ಷ, ಒಂದೇ ಜಿಗಿತ."

ಅವಳು ಗೋಡೆಯ ಗಡಿಯಾರ ನೋಡಿದಳು. ಮುಚ್ಚಳ ತೆರೆದು ಇಪ್ಪತ್ತಾರು ನಿಮಿಷವಾಗಿತ್ತು. ಯಾದಿಯನ್ನು ಬದಲಿಸಲು ಬರುವುದು ಮುಚ್ಚಳ ತೆರೆದಿರುವಾಗ ಮಾತ್ರ. ಮುಚ್ಚಿದರೆ ಅದು ಮೊಹರಾದಂತೆ. ಇನ್ನು ಹತ್ತು ವರ್ಷ ಮುಚ್ಚಳ ತೆರೆಯುವುದಿಲ್ಲವೆಂದರೆ ತಿದ್ದಬೇಕಾದದ್ದು ಈಗಲೇ, ಉಳಿದ ಮೂವತ್ತನಾಲ್ಕು ನಿಮಿಷದಲ್ಲಿ. ಹತ್ತು ವರ್ಷದ ತನಕ ಮಗಳು ಕೊಡಬಹುದಾದ ಕಡೆಯ ಮೂವತ್ತನಾಲ್ಕು ನಿಮಿಷವೂ ಅದೇ.

"ಬ್ಯಾರೆ ಯಾರರ ತಿದ್ದಬಹುದಲ್ಲ" ಎಂದರು ಗಲಗಲಿ. "ನೀವು ಕೂಸಿನ ಹತ್ರ ಹೋಗ್ರಿ."

ಬೇರೆ ಯಾರು? ಉಳಿದಿಬ್ಬರು ಎಂಜಿನಿಯರುಗಳೂ ನಿನ್ನೆಯ ಸಮಾರಂಭ ಮುಗಿಸಿ ರಜೆ ಹಾಕಿ ಗಣಿಯಿಂದ ಮೇಲಕ್ಕೆ ಹೋಗಿದ್ದರು. ಆ ನಾಲ್ಕು ಸಾಲು ಹಾಕಿದವಳು ತಾನು. ಅವಳು ಕುರ್ಚಿ ಎಳೆದುಕೊಂಡಳು.

*

ಕೂಡುತ್ತ ಹೋಗುವ ಸಾಲನ್ನು ಅಳಿಸಿದಳು. ಹೊಸದರಲ್ಲಿ ಕೂಡುವ ಮಾತೇ ಇರಲಿಲ್ಲ. ಮೊದಲ ಬಿಂದು ಇದು, ಕೊನೆಯ ಬಿಂದು ಇದು, ಒಟ್ಟು ಬಿಂದು ಇಷ್ಟು ಎಂದು ಮೂರನ್ನೂ ಮೊದಲೇ ಹೇಳಿಬಿಡುವುದು. ನಡುವಿನದನ್ನು ಎಣಿಸಿ ಗುಣಿಸಿ ತುಂಬುವುದು, ಕೊನೆಯದನ್ನು ಹೇಳಿದಂತೆಯೇ ಇಡುವುದು. ದಾಕ್ಷಿಯ ಮಟ್ಟಿಗೆ ಎರಡೇ ಬಿಂದು: ಈಗ, ಮತ್ತು ಹತ್ತು ವರ್ಷದ ಮೇಲೆ. ಆದರೆ ಬಿಂದುವಿಂದ ಬಿಂದುವಿಗೆ ಒಂದೇ ವರ್ಷ ಎಂಬ ಮಾತು ಯಂತ್ರದ ಒಳಗೆ ಏಳು ಕಡೆ ಹುದುಗಿತ್ತು. ಏಳನ್ನೂ ಹುಡುಕಬೇಕು, ಇರುವ ಅಂತರವನ್ನು ಅಳೆದು ನೋಡಿ ನಡೆ ಎಂದು ಏಳು ಕಡೆಯೂ ಬರೆಯಬೇಕು. ಒಂದು ಬಿಟ್ಟರೂ ಹತ್ತು ವರ್ಷ ಯಾವ ಕಡೆಗೆ ಮಡಚಿಕೊಳ್ಳುತ್ತದೆ ಎಂದು ಹೇಳುವ ಹಾಗಿರಲಿಲ್ಲ.

ಮೂರನೆಯದನ್ನು ತಿದ್ದುತ್ತಿರುವಾಗ ಗಾಜಿನ ಮೇಲೆ ಏನೋ ತಾಗಿದ ಸದ್ದಾಯಿತು.

ಸಂಗನಬಸಪ್ಪ ಮಗಳನ್ನು ಎತ್ತಿಕೊಂಡು ಬಂದು ಗಾಜಿನ ಆಚೆ ನೆಲದ ಮೇಲೆ ಕೂತಿದ್ದ. ಮೈಗೆ ಜೋಡಿಸಿದ್ದ ನಳಿಗೆಗಳು ಅಲ್ಲಿಯ ತನಕ ಬರುತ್ತಿದ್ದವು. ದಾಕ್ಷಿ ಹಣೆಯನ್ನು ಗಾಜಿಗೆ ಒತ್ತಿಕೊಂಡಿದ್ದಳು. ಆಚೆಯ ಮಾತು ಈಚೆ, ಈಚೆಯದು ಆಚೆ ಕೇಳಲು ಗಾಜಿನ ಎರಡೂ ಬದಿಗೆ ಒಂದೊಂದು ಸಣ್ಣ ಸ್ಪೀಕರ್ ಇತ್ತು.

"ಅವ್ವ ಏನ ಮಾಡಾಕತ್ತಾಳ?" ಕಸ್ತೂರಿ ಅಪ್ಪನನ್ನು ಕೇಳಿದಳು. ಅವಳು ಅಕ್ಕನ ಕೈ ಹಿಡಿದುಕೊಂಡಿದ್ದಳು.

"ಕೆಲಸಾ."

"ಇವತ್ತೂ?"

ಡಾಕ್ಟರರು ಸಂಗನಬಸಪ್ಪನಿಗೆ ಎಲ್ಲ ಹೇಳಿದ್ದರು. ಅವನು ಡಬ್ಬಿಯ ಮುಚ್ಚಳ ತೆಗೆದು ಮಗಳ ಮೂಗಿನ ಹತ್ತಿರ ಹಿಡಿದ. ದಾಕ್ಷಿ ವಾಸನೆ ನೋಡಿದಳು, ಏನೂ ತಪ್ಪು ಹೇಳಲಿಲ್ಲ. ಅವಳ ಕಣ್ಣು ತಾಯಿಯ ಮೇಲಿತ್ತು. ನೀಲಾಂಬಿಕಾ ಪರದೆಗೆ ಕಣ್ಣು ನೆಟ್ಟು, ನಾಲ್ಕನೆ ಕಡೆ ಯಾವುದೆಂದು ಹುಡುಕುತ್ತ, ಉಸಿರು ಹಿಡಿದು ಕೂತಿದ್ದಳು.

"ಅಪ್ಪ, ಅವ್ವ ಮತ್ತ ನಿಂತ್ಳು" ಎಂದಳು ದಾಕ್ಷಿ.

ಹೆದರಿಕೆ ಇರಲಿಲ್ಲ ಆ ದನಿಯಲ್ಲಿ. ಹೆದರಿಕೆಯಾಗಿದ್ದರೆ ತಾಳಬಹುದಿತ್ತು. ಅದರಲ್ಲಿ ರೂಢಿಯಿತ್ತು. ಮುಂದಿನ ಮಾತನ್ನು ಹುಡುಗಿ ಸಲೀಸಾಗಿ, ಉತ್ತರಕ್ಕೆ ಕಾಯದವಳ ಹಾಗೆ ಗಾಜಿಗೆ ಹೇಳತೊಡಗಿದಳು. ನಿಂಬೆವ್ವಜ್ಜಿ ಹೇಳಿಕೊಟ್ಟ ಹಾಡು, ಇಪ್ಪತ್ತಮೂರನೇ ಹಾಸಿಗೆಯ ಮಾಸ್ತರರ ಗೊರಕೆ, ನಡೆಯಲು ಬಾರದ ಮೇಲೆ ತಾನು ತೆವಳಿಕೊಂಡು ಗಾಜಿನ ತನಕ ಬರುತ್ತಿದ್ದದ್ದು. ಒಂದು ವರ್ಷದ ಪ್ರತಿದಿನ ಹೀಗೇ ಬಂದು ಕೂತು ಹೇಳಿ ಎದ್ದುಹೋಗಿದ್ದ ದನಿ ಅದು.

ನೀಲಾಂಬಿಕಾ ಪರದೆಯಿಂದ ಕಣ್ಣು ತೆಗೆಯುವ ಹಾಗಿರಲಿಲ್ಲ. ಬಲಗೈಯನ್ನು ಕೀಲಿಗಳ ಮೇಲಿಂದ ತೆಗೆಯುವ ಹಾಗೂ ಇರಲಿಲ್ಲ. ಎಡಗೈಯನ್ನು ಚಾಚಿ ಗಾಜಿಗೆ ಇಟ್ಟಳು, ಮಗಳ ಹಣೆ ಇರಬಹುದಾದ ಕಡೆಗೆ. ಇಟ್ಟು ಸುಮ್ಮನಿರಲಿಲ್ಲ. ಬೆರಳುಗಳನ್ನು ಆಡಿಸಿದಳು. ಒಂದಾದ ಮೇಲೊಂದು, ಕಿರುಬೆರಳಿನಿಂದ ಹೆಬ್ಬೆರಳಿಗೆ, ಹೆಬ್ಬೆರಳಿನಿಂದ ಕಿರುಬೆರಳಿಗೆ.

ಸ್ಪೀಕರಿನ ಮಾತು ನಿಂತಿತು.

"ಆಡಾಕತ್ತೇತಿ" ಎಂದಳು ದಾಕ್ಷಿ. ಆಮೇಲೆ ಬೇರೆ ದನಿಯಲ್ಲಿ, "ಅವ್ವ, ನೀ ಅದೀಯೇನು?"

"ಅದೀನಿ. ಹೇಳು, ಕೇಳಾಕತ್ತೀನಿ. ಮಾಸ್ತರ ಗೊರಕಿ ಹೆಂಗ ಹೊಡೀತಿದ್ರು?"

ದಾಕ್ಷಿ ಗೊರಕೆ ಹೊಡೆದು ತೋರಿಸಿದಳು. ಕಸ್ತೂರಿ ನಕ್ಕಳು, ನಗುತ್ತಲೇ ಅತ್ತಳು. ನೀಲಾಂಬಿಕಾ ಒಂದೇ ಕೈಯಲ್ಲಿ ನಾಲ್ಕನೆಯದನ್ನು ತಿದ್ದಿದಳು, ಐದನೆಯದನ್ನೂ. ತಪ್ಪು ಒತ್ತಿ ಅಳಿಸಿ ಮತ್ತೆ ಒತ್ತಿದಳು. ಆರನೆಯದು ಸಿಗುವ ಹೊತ್ತಿಗೆ ಎಡಗೈಯ ಬೆರಳು ಮರಗಟ್ಟಿದ್ದವು. ನಿಲ್ಲಿಸಲಿಲ್ಲ. ಏಳನೆಯದು ಮುಗಿದಾಗ ಎಂಟು ನಿಮಿಷ ಉಳಿದಿತ್ತು. ಅದರಲ್ಲಿ ಐದು ನಿಮಿಷ ಪರೀಕ್ಷೆಗೆ ಹೋಯಿತು. ಈ ಸಲ ಕಾಲು ಹಾಕಿ ನೋಡಲಿಲ್ಲ. ಹತ್ತರ ಪಾಲು ಹಾಕಿದಳು, ಮೂರರ ಪಾಲು, ಏಳರ ಪಾಲು, ಕೊನೆಗೆ ದಾಕ್ಷಿಯ ಎರಡು ಬಿಂದು. ಹದಿನಾರು ದಶಾಂಶದ ತನಕ ಓದಿದಳು. ಎರಡೇ ಸಾಲು. ನಡುವೆ ಹತ್ತು ವರ್ಷ, ಒಂದೇ ಮಡಿಕೆ. ಮಧ್ಯೆ ಯಾರೂ ಏಳುವುದಿಲ್ಲ.

"ಬರ್ರಿ ಮೇಡಂ, ಮೂರು ನಿಮಿಷ ಐತಿ" ಎಂದಳು ಮೆಹಬೂಬಿ ಗಾಜಿನ ಆಚೆಯಿಂದ, ಸ್ಪೀಕರಿನಲ್ಲಿ. ಒಳಗೆ ಹೋಗುವ ಎರಡು ಬಾಗಿಲುಗಳು ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂಥವು. ಅದಕ್ಕೆ ನಾಲ್ಕು ನಿಮಿಷ ಬೇಕು. ಇಬ್ಬರಿಗೂ ಅದು ಒಟ್ಟಿಗೇ ನೆನಪಾಯಿತು. ಮೆಹಬೂಬಿ ಮುಖ ತಿರುಗಿಸಿದಳು.

ಸಂಗನಬಸಪ್ಪ ಮಗಳನ್ನು ಎತ್ತಿಕೊಂಡು ಹೋಗಿ ಮಲಗಿಸಿದ. ಕಸ್ತೂರಿ ಬಗ್ಗಿ ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಗಾಜಿನಿಂದ ಹಾಸಿಗೆಯ ತನಕ ಇಪ್ಪತ್ತು ಹೆಜ್ಜೆ. ಅಷ್ಟು ದೂರದಿಂದ ಮಗಳಿಗೆ ಬೆರಳು ಕಾಣುವುದಿಲ್ಲವೆಂದು ನೀಲಾಂಬಿಕಾ ಇಡೀ ತೋಳನ್ನು ಮೇಲೆತ್ತಿ ಬೀಸತೊಡಗಿದಳು, ಎಡಕ್ಕೂ ಬಲಕ್ಕೂ. ದಾಕ್ಷಿ ತಲೆಯನ್ನು ಈ ಕಡೆಗೇ ತಿರುಗಿಸಿಟ್ಟುಕೊಂಡಿದ್ದಳು. ಮುಚ್ಚಳ ಅರ್ಧ ಬಂತು. ಪೂರ್ತಿ ಬಂತು. ಹಾಸಿಗೆಯ ಮೇಲಿನ ಹಸಿರು ದೀಪ ಆರಿ ಕೆಂಪು ಹತ್ತಿತು.

"ಮುಚ್ಚೇತ್ರಿ, ಮೇಡಂ" ಎಂದಳು ಮೆಹಬೂಬಿ. ಸ್ವಲ್ಪ ಹೊತ್ತು ಕಾದು ಮತ್ತೆ ಹೇಳಿದಳು. "ಮುಚ್ಚಿ ಆತು. ಕೈ ಇಳಿಸ್ರಿ."

ನೀಲಾಂಬಿಕಾ ಬೀಸುತ್ತಲೇ ಇದ್ದಳು.